ಫೋಟೊ ಸಂಗ್ರಹಕ್ಕೆ ಬ್ಯಾಕಪ್ ತಂತ್ರಾಂಶ ಆರಿಸಿದ ಬಗೆ: ಶಿರಸಿಯ ಮನೆಯೊಂದರ ಕೆಲಸದ ದಾಖಲೆ

ನಮ್ಮ ಮನೆಯ ಫೋಟೊ ಸಂಗ್ರಹ ಸುಮಾರು 1.2 ಟೆರಾಬೈಟ್‌ಗೆ ಬೆಳೆದು ನಿಂತಿದೆ. ಅಪ್ಪಯ್ಯ ತೆಗೆದ ಸ್ಲೈಡು ಮತ್ತು ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಇಟ್ಟ ದೊಡ್ಡ ಟಿಫ್ ಕಡತಗಳು, 2005ರಿಂದೀಚೆಗೆ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಜೆಪೆಗ್ ಹಾಗೂ ರಾ (ಕ್ಯಾಮೆರಾ ಸಂಸ್ಕರಿಸದೆ ಕೊಡುವ) ಕಡತಗಳು, ಮನೆಮಂದಿಯ ಮೊಬೈಲುಗಳಿಂದ ಬಂದವು, ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವು ಎಲ್ಲ ಸೇರಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಕಡತಗಳು ಜಗುಲಿಯ ಪಕ್ಕದ ಕೋಣೆಯ ಒಂದೇ ಕಂಪ್ಯೂಟರಿನಲ್ಲಿವೆ. ಇಷ್ಟು ವರ್ಷ ಇವುಗಳ ನಕಲು ಬಿಡುವಾದಾಗ ಕೈಯಿಂದಲೇ ಬೇರೆ ಡಿಸ್ಕಿಗೆ ಹೋಗುತ್ತಿತ್ತು. ಈ ಬೇಸಿಗೆಯಲ್ಲಿ ಅದಕ್ಕೊಂದು ನೆಲೆಯಾದ ವ್ಯವಸ್ಥೆ ಮಾಡಬೇಕೆಂದು ಹೊರಟು, ಹಲವು ತಂತ್ರಾಂಶಗಳನ್ನು ಒಂದೇ ಮಾದರಿಯ ಪರೀಕ್ಷೆಗಳಿಗೆ ಒಡ್ಡಿ ನೋಡಿ, ಒಂದು ಜೋಡಣೆಗೆ ಬಂದಿದ್ದೇನೆ. ಆ ಕೆಲಸದ ದಾಖಲೆ ಇದು. ನಾನು ಹಿಡಿದ ಅಳತೆಗೋಲು ಒಂದೇ: ನಾನು ಮನೆಯಲ್ಲಿ ಇಲ್ಲದಾಗ, ಈ ಕಂಪ್ಯೂಟರೂ ಇಲ್ಲವಾದಾಗ, ಕಾರವಾರದಲ್ಲಿರುವ ನನ್ನ ತಂಗಿ ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈ ಫೋಟೊಗಳನ್ನು ಮರಳಿ ಪಡೆಯಬಲ್ಲಳೇ ಎಂಬುದು. ತಂತ್ರಾಂಶ ಎಷ್ಟು ವೇಗವಾಗಿ ನಕಲು ಮಾಡುತ್ತದೆ ಎಂಬ ಪ್ರಶ್ನೆ ಇದರ ಮುಂದೆ ಬಹಳ ಚಿಕ್ಕದು.

ಸಂಗ್ರಹದ ಸ್ವಭಾವ

ಫೋಟೊ ಸಂಗ್ರಹವು ಕಚೇರಿಯ ಕಡತಗಳಂತಲ್ಲ. ಒಮ್ಮೆ ತೆಗೆದ ಫೋಟೊ ಸಾಮಾನ್ಯವಾಗಿ ಮತ್ತೆ ಬದಲಾಗುವುದಿಲ್ಲ. ಜೆಪೆಗ್ ಮೊದಲೇ ಒತ್ತಿ ಕುಗ್ಗಿಸಿದ ರೂಪವಾದ್ದರಿಂದ ಬ್ಯಾಕಪ್ ತಂತ್ರಾಂಶ ಅದನ್ನು ಇನ್ನಷ್ಟು ಕುಗ್ಗಿಸುತ್ತೇನೆಂದರೆ ಪ್ರೊಸೆಸರ್ ಬಿಸಿಯಾಗುವುದಷ್ಟೇ ಲಾಭ. ಹಾಗೆಂದು ಸಂಗ್ರಹ ಪೂರ್ತಿ ನಿಶ್ಚಲವೂ ಅಲ್ಲ. ಫೋಲ್ಡರುಗಳ ಹೆಸರು ಬದಲಾಗುತ್ತಲೇ ಇರುತ್ತದೆ. ಫೋಟೊದಲ್ಲಿರುವವರ ಹೆಸರನ್ನು ಗುರುತಿಸಿದರೆ ಆ ಮಾಹಿತಿ ಕಡತದೊಳಗೇ ಸೇರಬಹುದು ಅಥವಾ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಕಡತವಾಗಿ ಕೂರಬಹುದು. ನಾನು ಬಳಸುವ ಡಿಜಿಕ್ಯಾಮ್ ಎಂಬ ಫೋಟೊ ಜೋಡಿಸಿಡುವ ತಂತ್ರಾಂಶ ಈ ಎರಡೂ ಬಗೆಗೆ ಅವಕಾಶ ಕೊಡುತ್ತದೆ. ರಾ ಕಡತಗಳಿಗೆ ನಾನು ಪಕ್ಕದ ಕಡತವನ್ನೇ ಆರಿಸಿದ್ದೇನೆ, ಏಕೆಂದರೆ ಮೂಲವನ್ನು ಮುಟ್ಟದಿದ್ದರೆ ಅದರ ಹ್ಯಾಶ್, ಅಂದರೆ ಒಳಗಿನ ವಸ್ತುವಿನಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಖ್ಯೆ, ಎಂದೆಂದಿಗೂ ಅದೇ ಆಗಿರುತ್ತದೆ. ಹ್ಯಾಶ್‌ನ ಮಹತ್ವಕ್ಕೆ ಮುಂದೆ ಬರುತ್ತೇನೆ.

ವಾಟ್ಸ್‌ಆ್ಯಪ್‌ನಿಂದ ಬಂದ ಫೋಟೊಗಳದು ಬೇರೆಯೇ ಕಥೆ. ಕಳಿಸುವಾಗಲೇ ಅವುಗಳ ಒಳಗಿನ ಎಕ್ಸಿಫ್ ಮಾಹಿತಿ (ತೆಗೆದ ದಿನಾಂಕ, ಕ್ಯಾಮೆರಾ ಮುಂತಾದ ವಿವರ) ಕಳಚಿಹೋಗಿರುತ್ತದೆ. ಉಳಿಯುವುದು ಕಡತದ ಹೆಸರಿನಲ್ಲಿರುವ ದಿನಾಂಕ ಮತ್ತು ಡಿಸ್ಕಿನಲ್ಲಿ ಬರೆದಿರುವ ಮಾರ್ಪಾಡಿನ ಸಮಯ ಮಾತ್ರ. ಆದ್ದರಿಂದ ಮರಳಿ ಪಡೆದಾಗ ಆ ಸಮಯ ಯಥಾವತ್ತಾಗಿ ಬರಬೇಕು. ಇಲ್ಲವಾದರೆ ಹತ್ತು ವರ್ಷದ ಫೋಟೊಗಳೆಲ್ಲ ಇವತ್ತೇ ತೆಗೆದವೆಂಬಂತೆ ಒಂದೆಡೆ ಗುಡ್ಡೆ ಬೀಳುತ್ತವೆ.

ಎಷ್ಟು ಹಿಂದಕ್ಕೆ ಹೋಗಲು ಸಾಧ್ಯವಿರಬೇಕು ಎಂಬುದನ್ನು ನಮ್ಮ ಊರಿನ ಕ್ಯಾಲೆಂಡರೇ ತೀರ್ಮಾನಿಸಿತು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯಿಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ ಇರುತ್ತದೆ. ಜಾತ್ರೆಯ ಫೋಲ್ಡರನ್ನು ನಾವು ಮತ್ತೆ ತೆರೆಯುವುದು ಮುಂದಿನ ಜಾತ್ರೆಯ ಹೊತ್ತಿಗೆ. ನಡುವೆ ಯಾರ ಕೈತಪ್ಪಿಯೋ ಅದು ಅಳಿಸಿಹೋಗಿದ್ದರೆ ಎರಡು ವರ್ಷ ಯಾರ ಗಮನಕ್ಕೂ ಬರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಅಳಿಸಿದರೆ ಅದು ಕಸದ ಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಇಲ್ಲವಾಗುತ್ತದೆ. ಮೂವತ್ತು ದಿನ, ಅರವತ್ತು ದಿನಗಳ ಲೆಕ್ಕ ನಮಗೆ ಸಾಲದು. ಕನಿಷ್ಠ ಮೂರು ವರ್ಷ ಹಿಂದಿನ ಸ್ಥಿತಿಗೆ ಹೋಗಲು ದಾರಿ ಇರಬೇಕು.

ಇದರಿಂದ ಇನ್ನೊಂದು ವಿಷಯವೂ ಇತ್ಯರ್ಥವಾಯಿತು. ಸಿಂಕ್‌ಥಿಂಗ್‌ನಂಥ ತಂತ್ರಾಂಶ ಎರಡು ಕಂಪ್ಯೂಟರುಗಳನ್ನು ಸದಾ ಒಂದೇ ಸ್ಥಿತಿಯಲ್ಲಿಡುತ್ತದೆ. ಮೊಬೈಲಿನಿಂದ ಮನೆಯ ಕಂಪ್ಯೂಟರಿಗೆ ಫೋಟೊ ತರಲು ನಾನು ಅದನ್ನೇ ಬಳಸುತ್ತೇನೆ ಮತ್ತು ಆ ಕೆಲಸಕ್ಕೆ ಅದು ಅತ್ಯುತ್ತಮ. ಆದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುವುದೇ ಅದರ ಧರ್ಮವಾದ್ದರಿಂದ ಅದನ್ನು ಬ್ಯಾಕಪ್ ಎಂದು ಕರೆಯಲು ಬರುವುದಿಲ್ಲ. ಗೂಗಲ್ ಫೋಟೋಸ್ ಅನ್ನೂ ನಾನು ಬ್ಯಾಕಪ್ ಎಂದು ಎಣಿಸಲಿಲ್ಲ. 2021ರ ಜೂನ್ 1ರಿಂದ ಅಲ್ಲಿ ಸೇರಿಸುವ ಹೊಸ ಫೋಟೊಗಳೆಲ್ಲ 15 ಗಿಗಾಬೈಟ್‌ನ ಉಚಿತ ಮಿತಿಯ ಲೆಕ್ಕಕ್ಕೆ ಬರುತ್ತವೆ ಎಂಬುದು ಒಂದು ಕಾರಣ. ಗೂಗಲ್‌ನ ಟೇಕ್‌ಔಟ್ ಸೇವೆಯ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ, ಆ್ಯಪ್‌ನಲ್ಲಿ ನಾವು ತಿದ್ದಿದ ದಿನಾಂಕ ಮತ್ತು ಬರೆದ ವಿವರಣೆ ಫೋಟೊದೊಳಗೆ ಬಾರದೆ ಜೇಸನ್ ಎಂಬ ಪ್ರತ್ಯೇಕ ಪಠ್ಯ ಕಡತಗಳಲ್ಲಿ ಬರುತ್ತವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹೀಗೆ ಬಂದದ್ದನ್ನು ಮತ್ತೆ ಒಂದುಗೂಡಿಸುವ ಕೆಲಸ ತಂಗಿಯ ಕೈಯಿಂದ ಆಗುವಂಥದ್ದಲ್ಲ.

ಕನ್ನಡ ಹೆಸರುಗಳ ಪರೀಕ್ಷೆ

ತಂತ್ರಾಂಶಗಳನ್ನು ಪರೀಕ್ಷಿಸಲು ಪೂರ್ತಿ ಸಂಗ್ರಹವನ್ನು ಬಳಸದೆ, ಎಲ್ಲ ಬಗೆಯ ಕಡತಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಒಂದು ಮಾದರಿ ಫೋಲ್ಡರ್ ಸಿದ್ಧಪಡಿಸಿದೆ. ಅದರಲ್ಲಿ ಕನ್ನಡ ಹೆಸರಿನ ಫೋಲ್ಡರುಗಳನ್ನು ಬೇಕೆಂದೇ ಹೆಚ್ಚು ಸೇರಿಸಿದೆ, ಏಕೆಂದರೆ ನಮ್ಮ ಸಂಗ್ರಹದಲ್ಲಿ ‘ಅಡಿಕೆ ಕೊಯ್ಲು’, ‘ಸೋಂದಾ’, ‘ಸಹಸ್ರಲಿಂಗ’ ಎಂಬಂಥ ಹೆಸರುಗಳೇ ತುಂಬಿವೆ. ಬ್ಯಾಕಪ್ ಕುರಿತು ಇಂಗ್ಲಿಷಿನಲ್ಲಿ ಬರೆಯುವವರಿಗೆ ಎದುರಾಗದ ಕೆಲವು ತೊಡಕುಗಳು ಇಲ್ಲಿ ಸಿಗುತ್ತವೆ. ಕನ್ನಡದಲ್ಲಿ ಫೋಲ್ಡರುಗಳಿಗೆ ಹೆಸರಿಡುವವರೆಲ್ಲರಿಗೂ ಇದು ಬೇಕಾದದ್ದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೂನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರವನ್ನು ಎರಡು ರೀತಿ ಬರೆಯಬಹುದು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡುವುದು ಒಂದು ರೀತಿ. ಅದನ್ನೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿ ಬಿಡಿಸಿ ಇಡುವುದು ಇನ್ನೊಂದು ರೀತಿ. ದೀರ್ಘ ಈಕಾರ, ಓಕಾರಗಳಿಗೂ ಇದೇ ಮಾತು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ನಾನು ಬಳಸುವ ಲಿನಕ್ಸ್ ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ನೆಂಟರೊಬ್ಬರ ಹಳೆಯ ಮ್ಯಾಕ್‌ನಿಂದ ನೆಟ್‌ವರ್ಕ್ ಮೂಲಕ ಬಂದ ಫೋಟೊಗಳು ನಮ್ಮ ಸಂಗ್ರಹದಲ್ಲಿ ಇದ್ದುದರಿಂದ, ಒಂದೇ ವರ್ಷದ ಕೆಳಗೆ ‘ಅಡಿಕೆ ಕೊಯ್ಲು’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕುಳಿತಿದ್ದವು. ಕಡತಗಳನ್ನು ಹಾಗೆಯೇ ನಕಲು ಮಾಡುವ ಆರ್‌ಸಿಂಕ್ ಆಗಲಿ, ಬ್ಯಾಕಪ್ ತಂತ್ರಾಂಶಗಳಾದ ರೆಸ್ಟಿಕ್ ಆಗಲಿ, ಬೋರ್ಗ್ ಆಗಲಿ ಇದನ್ನು ಸರಿಪಡಿಸಲು ಹೋಗುವುದಿಲ್ಲ. ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಡುತ್ತವೆ, ಅದು ಸರಿಯೂ ಹೌದು. ಹಾಗಾಗಿ ಮೊದಲ ಬ್ಯಾಕಪ್‌ಗೆ ಮುನ್ನವೇ ಕನ್ವ್‌ಎಂವಿ ಎಂಬ ಸಾಧನದಿಂದ ಎಲ್ಲ ಹೆಸರುಗಳನ್ನು ಜೋಡಿಸಿದ ರೂಪಕ್ಕೆ ತಂದೆ. ಆ ಸಾಧನ ಮೊದಲು ಏನೇನು ಬದಲಾಗಲಿದೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ, ಬದಲಿಸು ಎಂದು ಪ್ರತ್ಯೇಕವಾಗಿ ಹೇಳಿದ ಮೇಲೆಯೇ ಕೈಹಾಕುತ್ತದೆ.

ಎರಡನೆಯದು ಹೆಸರಿನ ಉದ್ದ. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್‌ಗಳನ್ನು ಮೀರುವಂತಿಲ್ಲ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಕಾಗುಣಿತದ ಚಿಹ್ನೆಗಳೂ ಒಂದೊಂದು ಸಂಕೇತವೇ. ‘ಮಾರಿಕಾಂಬಾ’ ಎಂಬ ಹೆಸರೊಂದೇ ಒಂಬತ್ತು ಸಂಕೇತ, ಅಂದರೆ 27 ಬೈಟ್. ಒಟ್ಟು 85 ಸಂಕೇತ ದಾಟಿದರೆ ಎಕ್ಸ್‌ಟಿ4 ಒಪ್ಪುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್‌ಗಳ ಬದಲು ಯುಟಿಎಫ್-16ರ ಘಟಕಗಳನ್ನು ಎಣಿಸುವುದರಿಂದ ಅಲ್ಲಿ 255 ಕನ್ನಡ ಸಂಕೇತಗಳಿಗೂ ಜಾಗವಿದೆ. ಹೀಗಾಗಿ ವಿಂಡೋಸ್‌ನಲ್ಲಿ ಸರಾಗವಾಗಿ ಇಟ್ಟ ಉದ್ದದ ಹೆಸರು ಲಿನಕ್ಸ್ ಡಿಸ್ಕಿಗೆ ಹೋಗುವಾಗ ಮುಗ್ಗರಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸಮಯ ಬರೆಯಲು ಹೆಸರಿನ ನಡುವೆ ವಿವರಣ ಚಿಹ್ನೆಯನ್ನು, ಅಂದರೆ ಎರಡು ಚುಕ್ಕಿಯನ್ನು ಬಳಸಿದರೆ ಲಿನಕ್ಸ್ ಸುಮ್ಮನಿರುತ್ತದೆ, ವಿಂಡೋಸ್ ನಿರಾಕರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆಗೂ ಅಷ್ಟೇ. ಇಂಥ ಹೆಸರುಗಳನ್ನೆಲ್ಲ ಹುಡುಕಿ ಸರಿಪಡಿಸಿದೆ. ವರ್ಷ ಮತ್ತು ತಿಂಗಳ ಮೇಲ್ಮಟ್ಟದ ಫೋಲ್ಡರುಗಳಿಗೆ ಅಂಕಿಗಳನ್ನು ಮಾತ್ರ ಇಟ್ಟು, ಕನ್ನಡ ಹೆಸರುಗಳನ್ನು ಅವುಗಳ ಒಳಗೆ ಇಡುವ ಕ್ರಮಕ್ಕೆ ಬಂದೆ. ಈ ಕ್ರಮದ ಪ್ರಯೋಜನ ಮರಳಿ ಪಡೆಯುವ ಪರೀಕ್ಷೆಯಲ್ಲಿ ತಿಳಿಯಿತು.

ಕಣದಲ್ಲಿದ್ದ ತಂತ್ರಾಂಶಗಳು

ಆರ್‌ಸಿಂಕ್, ಬೋರ್ಗ್, ರೆಸ್ಟಿಕ್, ಕೋಪಿಯಾ ಮತ್ತು ಡುಪ್ಲಿಕಾಟಿ ನಾನು ಪರಿಗಣಿಸಿದವು. ಎಲ್ಲವೂ ಮುಕ್ತ ತಂತ್ರಾಂಶಗಳೇ.

ಡುಪ್ಲಿಕಾಟಿಗೆ ಬ್ರೌಸರಿನಲ್ಲಿ ತೆರೆಯುವ ಮುಖವಿದೆ, ಕಲಿಯಲು ಸುಲಭ. ಆದರೆ ಅದು ಬ್ಯಾಕಪ್‌ನ ವಿವರಗಳನ್ನು ಮೂಲ ಕಂಪ್ಯೂಟರಿನಲ್ಲಿ ಒಂದು ಡೇಟಾಬೇಸ್ ಆಗಿ ಇಟ್ಟುಕೊಳ್ಳುತ್ತದೆ. ಆ ಕಂಪ್ಯೂಟರೇ ಹೋದರೆ ಬೇರೆ ಕಡೆ ಡೇಟಾಬೇಸನ್ನು ಮೊದಲು ಮರುನಿರ್ಮಿಸಬೇಕು. ನನ್ನ ಅಳತೆಗೋಲಿಗೆ ಇದು ಹೊಂದಲಿಲ್ಲ. ಬೋರ್ಗ್ ಬಹಳ ಗಟ್ಟಿಯಾದ ತಂತ್ರಾಂಶ, ಅಟ್ಟಿಕ್ ಎಂಬ ತಂತ್ರಾಂಶದಿಂದ 2015ರಲ್ಲಿ ಕವಲೊಡೆದು ಬೆಳೆದದ್ದು, ಮನೆಯಲ್ಲೆಲ್ಲ ಲಿನಕ್ಸ್ ಇರುವವರಿಗೆ ನಾನು ಕಣ್ಣುಮುಚ್ಚಿ ಸೂಚಿಸುತ್ತೇನೆ. ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲವೆಂಬ ಒಂದೇ ಕಾರಣಕ್ಕೆ ಕೈಬಿಟ್ಟೆ. ಕೋಪಿಯಾ ಮತ್ತು ರೆಸ್ಟಿಕ್ ಕೊನೆಯವರೆಗೂ ಸಮಸಮನಾಗಿ ನಿಂತವು. ಕೋಪಿಯಾಕ್ಕೆ ತನ್ನದೇ ಆದ ಕಿಟಕಿ, ಗುಂಡಿಗಳ ಮುಖವಿದೆ. ರೆಸ್ಟಿಕ್ ಆದೇಶ ಬರೆದು ನಡೆಸುವಂಥದ್ದು. ಆದರೂ ರೆಸ್ಟಿಕ್ ಕಡೆಗೆ ವಾಲಿದ್ದಕ್ಕೆ ಕಾರಣಗಳಿವೆ: ಅದು ಯಾವ ಸ್ಥಾಪನೆಯೂ ಬೇಡದ ಒಂದೇ ಕಡತದ ತಂತ್ರಾಂಶ, ಹಾಗಾಗಿ ಬ್ಯಾಕಪ್ ಇರುವ ಡಿಸ್ಕಿನಲ್ಲೇ ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ಪ್ರತಿಯನ್ನು ಇಟ್ಟುಬಿಡಬಹುದು, ಬ್ಯಾಕಪ್ ಸೇರುವ ಒಂದೇ ಭಂಡಾರಕ್ಕೆ ಬೇರೆ ಬೇರೆ ಪಾಸ್‌ವರ್ಡುಗಳನ್ನು ಸೇರಿಸಬಹುದು, ಅಂದರೆ ತಂಗಿಗೆ ಅವಳದೇ ಬೀಗದಕೈ, ಭಂಡಾರದ ರಚನೆಯನ್ನು ವಿವರವಾಗಿ ಬರೆದು ಬಹಿರಂಗವಾಗಿ ಇಟ್ಟಿದ್ದಾರೆ.

ರೆಸ್ಟಿಕ್ ಕಡತವನ್ನು ಇಡಿಯಾಗಿ ಇಡುವುದಿಲ್ಲ. ಒಳಗಿನ ವಸ್ತುವನ್ನು ನೋಡಿ, ಸರಾಸರಿ ಒಂದು ಮೆಬಿಬೈಟ್‌ನಷ್ಟು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಗೂಢಲಿಪೀಕರಿಸಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ, ಇಡುತ್ತದೆ. ಮೊದಲೇ ಇರುವ ತುಂಡು ಮತ್ತೆ ಎದುರಾದರೆ ಎರಡನೇ ಸಲ ಬರೆಯುವುದಿಲ್ಲ. ಇದರ ಬೆಲೆ ಗೊತ್ತಾದದ್ದು ಫೋಲ್ಡರಿನ ಹೆಸರು ಬದಲಿಸಿದಾಗ. ಮಾದರಿಯಲ್ಲಿದ್ದ ‘ಉಂಚಳ್ಳಿ’ ಎಂಬ ಫೋಲ್ಡರನ್ನು ‘ಉಂಚಳ್ಳಿ ಜಲಪಾತ’ ಎಂದು ಮಾಡಿ ಮತ್ತೆ ಓಡಿಸಿದರೆ ಆರ್‌ಸಿಂಕ್ ಎಲ್ಲ ಫೋಟೊಗಳನ್ನೂ ಹೊಸದೆಂದು ತಿಳಿದು ಮತ್ತೊಮ್ಮೆ ನಕಲು ಮಾಡಿತು. ರೆಸ್ಟಿಕ್ ಕಡತಗಳನ್ನು ಓದಿ ನೋಡಿ, ತುಂಡುಗಳೆಲ್ಲ ಈಗಾಗಲೇ ಇವೆಯೆಂದು ಕಂಡು, ಹೆಸರುಗಳ ಪಟ್ಟಿಯನ್ನಷ್ಟೇ ಬರೆದು ಮುಗಿಸಿತು. ಜೆಪೆಗ್ ಒಳಗೆ ಹೆಸರಿನ ಗುರುತು ಬರೆದಾಗಲೂ ಬದಲಾದ ತುಂಡು ಮಾತ್ರ ಹೊಸದಾಗಿ ಸೇರಿತು.

ಸಿಡಿಲು, ಕರೆಂಟು ಮತ್ತು ಒಂದು ಬೈಟ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಕಡೆ ಟಿವಿ, ಮೋಡೆಮ್‌ಗಳು ಸುಡುವುದು ಹೊಸತಲ್ಲ. ಮೋಡ ಕಟ್ಟಿದರೆ ವಿದ್ಯುತ್ ಪ್ಲಗ್ ಜೊತೆಗೆ ಇಂಟರ್ನೆಟ್ ತಂತಿಯನ್ನೂ ಕಿತ್ತಿಡುವುದು ಎಲ್ಲರ ಮನೆಯ ರೂಢಿ. ಆದ್ದರಿಂದ ಬ್ಯಾಕಪ್ ಡಿಸ್ಕ್ ಕಂಪ್ಯೂಟರಿಗೆ ಸದಾ ಜೋಡಿಸಿಕೊಂಡೇ ಇರುವ ಯಾವ ಏರ್ಪಾಡೂ ಇಲ್ಲಿ ಸಲ್ಲದು. ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದ ಕಾರಣ, ಅರ್ಧಕ್ಕೆ ನಿಂತ ಬ್ಯಾಕಪ್ ಏನಾಗುತ್ತದೆ ಎಂದು ತಿಳಿಯುವುದೂ ಅಗತ್ಯವಿತ್ತು. ಯುಪಿಎಸ್ ಇದ್ದರೂ ಅದನ್ನು ಬದಿಗಿಟ್ಟು, ಮಾದರಿ ಫೋಲ್ಡರಿನ ಬ್ಯಾಕಪ್ ನಡೆಯುತ್ತಿರುವಾಗಲೇ ಕಂಪ್ಯೂಟರಿನ ವಿದ್ಯುತ್ ಕಡಿದೆ. ಮತ್ತೆ ಚಾಲೂ ಮಾಡಿದಾಗ ರೆಸ್ಟಿಕ್ ಹಳೆಯ ಬೀಗವೊಂದು (ಭಂಡಾರ ಬಳಕೆಯಲ್ಲಿದೆ ಎಂಬ ಗುರುತು) ಉಳಿದಿದೆ ಎಂದು ಹೇಳಿತು. ಅನ್‌ಲಾಕ್ ಆದೇಶದಿಂದ ಅದನ್ನು ತೆಗೆದು ಬ್ಯಾಕಪ್ ಮರಳಿ ಓಡಿಸಿದರೆ, ಮೊದಲೇ ಬರೆದು ದಾಖಲಾದ ಭಾಗವನ್ನು ಬಿಟ್ಟು ಮುಂದುವರಿಯಿತು. ಹಿಂದಿನ ಸ್ಥಿತಿಚಿತ್ರಗಳಿಗೆ, ಅಂದರೆ ಪ್ರತಿ ಬ್ಯಾಕಪ್‌ನ ಹೊತ್ತಿಗೆ ಸಂಗ್ರಹ ಹೇಗಿತ್ತೆಂಬ ದಾಖಲೆಗಳಿಗೆ, ಯಾವ ಧಕ್ಕೆಯೂ ಆಗಿರಲಿಲ್ಲ.

ಮುಂದಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಭಂಡಾರದೊಳಗಿನ ಒಂದು ಕಡತವನ್ನು, ಬೈಟ್‌ಗಳನ್ನೇ ನೇರವಾಗಿ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ತೆರೆದು, ನಡುವಿನ ಒಂದೇ ಒಂದು ಬೈಟ್ ಬದಲಿಸಿ ಉಳಿಸಿದೆ. ಸಾಮಾನ್ಯ ಚೆಕ್ ಆದೇಶ ಏನೂ ತೊಂದರೆಯಿಲ್ಲ ಎಂದಿತು, ಏಕೆಂದರೆ ಅದು ಭಂಡಾರದ ಹಂದರವನ್ನಷ್ಟೇ ನೋಡುತ್ತದೆ. ದತ್ತಾಂಶವನ್ನೆಲ್ಲ ಓದಿ ನೋಡು ಎಂಬ ಆಯ್ಕೆಯೊಂದಿಗೆ ಓಡಿಸಿದಾಗ ಹ್ಯಾಶ್ ಹೊಂದುತ್ತಿಲ್ಲವೆಂದು ಆ ಕಡತದ ಹೆಸರು ಸಮೇತ ತಿಳಿಸಿತು. ಅಂದರೆ ಚೆಕ್ ಓಡಿಸಿದ್ದೇನೆ ಎಂಬ ಸಮಾಧಾನ ಸಾಲದು, ಯಾವ ಚೆಕ್ ಎಂಬುದು ಮುಖ್ಯ. ಬಳಿಕ ಆ ಬೈಟ್‌ಗೆ ಸಂಬಂಧಿಸಿದ ಫೋಟೊವನ್ನು ಮರಳಿ ಪಡೆಯಲು ಹೋದರೆ ಆ ತುಂಡು ಸ್ವಲ್ಪವೂ ಸಿಗಲಿಲ್ಲ. ಗೂಢಲಿಪಿಯ ಜೊತೆಗಿರುವ ದೃಢೀಕರಣ ತಪ್ಪಿದರೆ ರೆಸ್ಟಿಕ್ ಆ ತುಂಡನ್ನು ಕೊಡುವುದಿಲ್ಲ. ಹೋಲಿಕೆಗಾಗಿ ಅದೇ ಜೆಪೆಗ್‌ನ ಬಿಚ್ಚು ನಕಲಿನಲ್ಲಿ, ಅಂದರೆ ಭಂಡಾರಕ್ಕೆ ಸೇರಿಸದೆ ಹಾಗೆಯೇ ಇಟ್ಟ ನಕಲಿನಲ್ಲಿ, ಒಂದು ಬೈಟ್ ಬದಲಿಸಿದೆ: ಚಿತ್ರ ತೆರೆಯಿತು, ಮೇಲಿನ ಮೂರನೇ ಒಂದು ಭಾಗ ಸರಿಯಾಗಿತ್ತು, ಅಲ್ಲಿಂದ ಕೆಳಗೆ ಬಣ್ಣ ನೇರಳೆಗೆ ತಿರುಗಿ ಸಾಲುಗಳು ಪಕ್ಕಕ್ಕೆ ಸರಿದಿದ್ದವು. ಅರ್ಧ ಕೆಟ್ಟ ಚಿತ್ರವಾದರೂ ಅದರಲ್ಲಿ ಮುಖಗಳು ಕಾಣುತ್ತಿದ್ದವು.

ಆರ್‌ಸಿಂಕ್ ಬಗ್ಗೆಯೂ ಒಂದು ಸೂಕ್ಷ್ಮ ಇಲ್ಲಿ ಹೇಳಬೇಕು. ಅದು ಸಾಮಾನ್ಯವಾಗಿ ಕಡತದ ಗಾತ್ರ ಮತ್ತು ಸಮಯವನ್ನು ಹೋಲಿಸಿ ನಕಲು ಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ. ಮೂಲ ಡಿಸ್ಕಿನಲ್ಲಿ ಬೈಟೊಂದು ತಾನಾಗಿ ಕೆಟ್ಟರೆ ಗಾತ್ರವೂ ಸಮಯವೂ ಬದಲಾಗುವುದಿಲ್ಲ, ಹಾಗಾಗಿ ಕೆಟ್ಟದ್ದು ನಕಲಿಗೆ ಹೋಗುವುದಿಲ್ಲ. ಹೆಚ್ಚಿನ ಎಚ್ಚರಿಕೆಗೆಂದು ಒಳಗಿನ ವಸ್ತುವನ್ನೂ ಹೋಲಿಸುವ ಆಯ್ಕೆಯನ್ನು ಹಾಕಿದರೆ, ವ್ಯತ್ಯಾಸ ಕಂಡು, ಕೆಟ್ಟ ಮೂಲವನ್ನು ಒಳ್ಳೆಯ ನಕಲಿನ ಮೇಲೆ ಬರೆದುಬಿಡುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ತಿಳಿಯುವ ಶಕ್ತಿ ಅದಕ್ಕಿಲ್ಲ. ಅದನ್ನು ಹೇಳಬಲ್ಲದ್ದು ಫೋಟೊ ಮನೆಗೆ ಬಂದ ದಿನವೇ ಬರೆದಿಟ್ಟ ಹ್ಯಾಶ್ ಪಟ್ಟಿ ಮಾತ್ರ. ಆದ್ದರಿಂದ ಪ್ರತಿ ವರ್ಷದ ಫೋಲ್ಡರಿನಲ್ಲೂ ಎಸ್‌ಎಚ್‌ಎ-256 ಪಟ್ಟಿಯೊಂದನ್ನು ಇಟ್ಟಿದ್ದೇನೆ. ರಾತ್ರಿ ಪರಿಶೀಲನೆಗೆ ಬಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಡೀ ಸಂಗ್ರಹ ಮುಗಿದಿರುತ್ತದೆ.

ತಂಗಿಯ ಲ್ಯಾಪ್‌ಟಾಪಿನಲ್ಲಿ

ಇಷ್ಟೆಲ್ಲ ಆದ ಮೇಲೆ ಡಿಸ್ಕನ್ನು ಕಾರವಾರಕ್ಕೆ ಒಯ್ದು ತಂಗಿಯ ಮುಂದಿಟ್ಟೆ. ನಾನು ಪಕ್ಕದಲ್ಲಿ ಕುಳಿತು ಬಾಯಿ ಬಿಡಬಾರದು, ಅವಳು ಕಾಗದದ ಮೇಲಿನ ಸೂಚನೆಯನ್ನಷ್ಟೇ ನೋಡಿ 2018ರ ಜಾತ್ರೆಯ ಫೋಟೊಗಳನ್ನು ಹೊರತೆಗೆಯಬೇಕು ಎಂಬುದು ಒಪ್ಪಂದ.

ಆದೇಶ ಬರೆಯುವ ಕಪ್ಪು ಕಿಟಕಿಯಲ್ಲಿ ರೆಸ್ಟಿಕ್ ಪಟ್ಟಿ ಮಾಡಿದಾಗ ಕನ್ನಡ ಹೆಸರುಗಳ ಜಾಗದಲ್ಲಿ ಚೌಕಗಳು ಮೂಡಿದವು. ಅಲ್ಲಿ ಕನ್ನಡ ಟೈಪ್ ಮಾಡಿ ಫೋಲ್ಡರನ್ನು ಹೆಸರಿಸುವುದಂತೂ ಆಗದ ಮಾತು. ಮೇಲ್ಮಟ್ಟದಲ್ಲಿ ಅಂಕಿಗಳನ್ನು ಇಟ್ಟಿದ್ದರಿಂದ 2018 ಎಂದಷ್ಟೇ ಬರೆದು ಆ ವರ್ಷವನ್ನು ಇಡಿಯಾಗಿ ಹೊರತೆಗೆಯಲು ಅವಳಿಗೆ ಸಾಧ್ಯವಾಯಿತು. ಹೊರಬಂದ ಮೇಲೆ ಎಕ್ಸ್‌ಪ್ಲೋರರಿನಲ್ಲಿ ಕನ್ನಡ ಹೆಸರುಗಳು ಸರಿಯಾಗಿಯೇ ಕಂಡವು, ವಾಟ್ಸ್‌ಆ್ಯಪ್ ಫೋಟೊಗಳ ಸಮಯಗಳೂ ಮೂಲದಂತೆಯೇ ಇದ್ದವು. ಕೆಲಸವೇನೋ ಆಯಿತು. ಆದರೆ ಮುಗಿಸಿದ ಮೇಲೆ ಅವಳು ಹೇಳಿದ ಮಾತು ಇಡೀ ಜೋಡಣೆಯನ್ನು ಬದಲಿಸಿತು: “ಅಣ್ಣಾ, ಇದು ಇವತ್ತು ಆಯಿತು. ಇನ್ನು ಐದು ವರ್ಷ ಬಿಟ್ಟು ಈ ಚೀಟಿ ಹಿಡಿದು ನಾನು ಕುಳಿತರೆ ಆದೀತೆಂಬ ಧೈರ್ಯ ನನಗಿಲ್ಲ. ಸುಮ್ಮನೆ ಫೋಲ್ಡರ್ ತೆರೆದರೆ ಫೋಟೊ ಕಾಣುವ ಹಾಗೆ ಒಂದು ಇಟ್ಟುಬಿಡು.”

ಅವಳ ಮಾತು ಸರಿ. ಒಂದೇ ತಂತ್ರಾಂಶವನ್ನು ಆರಿಸಬೇಕೆಂದು ನಾನು ಹೊರಟಿದ್ದೆ, ಆದರೆ ಇಲ್ಲಿರುವುದು ಎರಡು ಬೇರೆ ಅಪಾಯಗಳು. ಅಳಿಸಿಹೋದದ್ದನ್ನು, ತಪ್ಪಾಗಿ ತಿದ್ದಿದ್ದನ್ನು ವರ್ಷಗಳ ನಂತರವೂ ಹಿಂದಕ್ಕೆ ತರಲು ಸ್ಥಿತಿಚಿತ್ರಗಳುಳ್ಳ ಭಂಡಾರ ಬೇಕು. ಭಂಡಾರವನ್ನು ತೆರೆಯಬಲ್ಲವರೇ ಇಲ್ಲವಾದಾಗ ಯಾರು ಬೇಕಾದರೂ ನೋಡಬಹುದಾದ ಬಿಚ್ಚು ಪ್ರತಿ ಬೇಕು. ಪಾಸ್‌ವರ್ಡ್ ಕಳೆದರೆ ರೆಸ್ಟಿಕ್ ಭಂಡಾರವನ್ನು ತೆರೆಯಲು ಯಾವ ಹಿಂಬಾಗಿಲೂ ಇಲ್ಲ. ಹೀಗೆ ನಾಲ್ಕು ಟೆರಾಬೈಟ್‌ನ ಎರಡು ಹೊರಗಿನ ಡಿಸ್ಕುಗಳಲ್ಲಿ ಎರಡರಲ್ಲೂ ಎರಡೂ ಬಗೆಯ ಪ್ರತಿಗಳನ್ನು ಇಡುವುದೆಂದು ನಿಶ್ಚಯಿಸಿದೆ: ‘ಫೋಟೊಗಳು’ ಎಂಬ ಫೋಲ್ಡರಿನಲ್ಲಿ ಆರ್‌ಸಿಂಕ್ ಮಾಡಿದ ಬಿಚ್ಚು ನಕಲು, ‘ಭಂಡಾರ’ ಎಂಬ ಫೋಲ್ಡರಿನಲ್ಲಿ ರೆಸ್ಟಿಕ್‌ನದ್ದು. ಜಾಗ ದುಪ್ಪಟ್ಟು ಬೇಕು, ನಿಜ. ಇಲ್ಲಿ ಜಾಗಕ್ಕಿಂತ ಭರವಸೆ ದೊಡ್ಡದು.

ಡಿಸ್ಕುಗಳನ್ನು ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದೆ. ಎಕ್ಸ್‌ಟಿ4 ತಂಗಿಯ ಲ್ಯಾಪ್‌ಟಾಪಿನಲ್ಲಿ ನೇರವಾಗಿ ತೆರೆಯುವುದಿಲ್ಲ. ಎಕ್ಸ್‌ಫ್ಯಾಟ್ ಎಲ್ಲೆಡೆ ತೆರೆಯುತ್ತದೆ, ಆದರೆ ಅದರಲ್ಲಿ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲದ ಕಾರಣ ಬರೆಯುತ್ತಿರುವಾಗ ಕರೆಂಟು ಹೋದರೆ ಅಪಾಯ ಹೆಚ್ಚು. ಎನ್‌ಟಿಎಫ್‌ಎಸ್‌ಗೆ ಜರ್ನಲ್ ಇದೆ, ಲಿನಕ್ಸ್ ಕರ್ನೆಲ್‌ನ 5.15ನೇ ಆವೃತ್ತಿಯಿಂದ, ಅಂದರೆ 2021ರಿಂದ, ಓದು ಬರಹ ಎರಡಕ್ಕೂ ಕರ್ನೆಲ್‌ನೊಳಗೇ ಚಾಲಕ (ಡ್ರೈವರ್) ಇದೆ.

ಈಗ ನಡೆಯುತ್ತಿರುವ ಕ್ರಮ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದಾಚೆ ಎಂಬ ನಿಯಮವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ನಮ್ಮ ಜಿಲ್ಲೆಗೆ ‘ಮನೆಯಿಂದಾಚೆ’ ಎಂಬ ಭಾಗವನ್ನು ಹೊಂದಿಸುವುದು ಸುಲಭವಲ್ಲ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಡಿಸ್ಕ್ ಒಯ್ಯುವ ದಾರಿ ಮಳೆಗಾಲದಲ್ಲಿ ನೆಚ್ಚುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿಯೂ ಬಂದಾಯಿತು. ಹಾಗಾಗಿ ಡಿಸ್ಕುಗಳ ಅದಲುಬದಲು ದೀಪಾವಳಿಯ ನಂತರ ಒಮ್ಮೆ, ಮೇ ತಿಂಗಳ ಒಳಗೆ ಇನ್ನೊಮ್ಮೆ ಎಂದು ಇಟ್ಟುಕೊಂಡಿದ್ದೇವೆ. ಒಂದು ಡಿಸ್ಕ್ ಇಲ್ಲಿ ಇದ್ದಾಗ ಇನ್ನೊಂದು ಅಲ್ಲಿರುತ್ತದೆ.

ನಡುವಿನ ಮಳೆಗಾಲಕ್ಕೆ ಇಂಟರ್ನೆಟ್ ಬೇಕು. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 1.2 ಟೆರಾಬೈಟ್ ಕಳಿಸಲು ಎಡೆಬಿಡದೆ ಐದೂವರೆ ದಿನ ಬೇಕಾಗುತ್ತದೆ, ನಮ್ಮ ಕರೆಂಟು ಮತ್ತು ಲೈನು ಅದಕ್ಕೆ ಅವಕಾಶ ಕೊಡುವುದಿಲ್ಲ. ಸುಮಾರು 60 ಗಿಗಾಬೈಟ್‌ನ ಅಪ್ಪಯ್ಯನ ಸ್ಕ್ಯಾನ್‌ಗಳಿಗಾದರೆ ಏಳು ತಾಸಿನೊಳಗೆ ಕೆಲಸ ಮುಗಿಯುತ್ತದೆ. ಆ ಸ್ಕ್ಯಾನ್‌ಗಳು ಮತ್ತು ಚಾಲ್ತಿ ವರ್ಷದ ಫೋಲ್ಡರ್, ಇಷ್ಟನ್ನು ಮಾತ್ರ ರೆಸ್ಟಿಕ್ ಮೂಲಕ ಬಾಡಿಗೆ ಕ್ಲೌಡ್ ಸಂಗ್ರಹಕ್ಕೆ ಕಳಿಸುತ್ತಿದ್ದೇನೆ. ಗೂಢಲಿಪೀಕರಣ ನಮ್ಮ ಕಂಪ್ಯೂಟರಿನಲ್ಲೇ ಆಗಿ ಹೋಗುವುದರಿಂದ ಅಲ್ಲಿನವರಿಗೆ ಫೋಟೊ ಕಾಣುವುದಿಲ್ಲ.

ವಾರಕ್ಕೊಮ್ಮೆ ಡಿಸ್ಕ್ ಜೋಡಿಸಿ ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಡಿಜಿಕ್ಯಾಮ್ ಮುಚ್ಚಿದೆಯೇ ಎಂದು ಮೊದಲು ನೋಡುತ್ತದೆ, ಏಕೆಂದರೆ ಅದರ ಡೇಟಾಬೇಸ್ ತೆರೆದಿರುವಾಗ ನಕಲಾದರೆ ಅರೆಬರೆಯಾಗಬಹುದು. ಬಳಿಕ ರೆಸ್ಟಿಕ್ ಬ್ಯಾಕಪ್, ಅದು ಯಾವ ದೋಷವೂ ಇಲ್ಲದೆ ಮುಗಿದರೆ ಮಾತ್ರ ಆರ್‌ಸಿಂಕ್. ಈ ಅನುಕ್ರಮ ಬೇಕೆಂದೇ ಇಟ್ಟದ್ದು: ಬಿಚ್ಚು ಪ್ರತಿಯಿಂದ ಏನನ್ನಾದರೂ ಅಳಿಸುವ ಮುನ್ನ ಅದು ಭಂಡಾರದಲ್ಲಿ ಇದೆಯೆಂದು ಖಾತ್ರಿಯಾಗಬೇಕು. ವಾರದ ಎಂಟು, ತಿಂಗಳಿನ ಮೂವತ್ತಾರು ಸ್ಥಿತಿಚಿತ್ರಗಳನ್ನು ಉಳಿಸಿಕೊಂಡು, ವರ್ಷಕ್ಕೊಂದರಂತೆ ಇರುವವನ್ನು ಅಳಿಸದಂತೆ ನಿಯಮ ಬರೆದಿದ್ದೇನೆ. ತಿಂಗಳಿಗೊಮ್ಮೆ ಭಂಡಾರದ ಹನ್ನೆರಡನೇ ಒಂದು ಭಾಗವನ್ನು ಪೂರ್ತಿ ಓದಿಸಿ ಪರಿಶೀಲಿಸುತ್ತೇನೆ.  ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಅಂಶಗಳನ್ನು, ಅಂದರೆ ಬದಲಿ ಕೊಟ್ಟ ಸೆಕ್ಟರುಗಳ ಮತ್ತು ಓದಲಾಗದೆ ಬಾಕಿಯಿರುವ ಸೆಕ್ಟರುಗಳ ಎಣಿಕೆಯನ್ನು ಅದೇ ದಿನ ಬರೆದಿಡುತ್ತೇನೆ. ಈ ಎಣಿಕೆ ಸೊನ್ನೆಯಿಂದ ಮೇಲೇರಲು ಶುರುವಾದರೆ ಡಿಸ್ಕ್ ಬದಲಿಸುವುದೇ ಲೇಸು.

ಶಿರಸಿಯ ಡಿಸ್ಕ್ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇರುತ್ತದೆ. ಬಣ್ಣ ತಿರುಗುವ ಬಗೆಯ ಜೆಲ್ ತಂದಿದ್ದೇನೆ, ಆಷಾಢ ಮುಗಿಯುವುದರೊಳಗೆ ಅದನ್ನು ಬಿಸಿಮಾಡಿ ಒಣಗಿಸಲೇಬೇಕಾಗುತ್ತದೆ. ಕಾರವಾರದಲ್ಲಿ ತೇವದ ಜೊತೆಗೆ ಉಪ್ಪುಗಾಳಿಯೂ ಇರುವುದರಿಂದ ಯುಎಸ್‌ಬಿ ತಂತಿಯನ್ನೂ ಡಬ್ಬಿಯೊಳಗೇ ಇಡಲು ತಂಗಿಗೆ ಹೇಳಿದ್ದೇನೆ. ಎರಡೂ ಡಬ್ಬಿಗಳಲ್ಲಿ ಒಂದೊಂದು ಕಾಗದವಿದೆ. ಮೊದಲ ಸಾಲಿನಲ್ಲಿ ‘ಫೋಟೊ ನೋಡಲು ಫೋಟೊಗಳು ಎಂಬ ಫೋಲ್ಡರ್ ತೆರೆಯಿರಿ, ಬೇರೇನೂ ಬೇಡ’ ಎಂದಿದೆ. ಕಳೆದುಹೋದ ಹಳೆಯದನ್ನು ಹುಡುಕುವ ಬಗೆ ಅದರ ಕೆಳಗೆ ಹಂತಹಂತವಾಗಿದೆ. ಪಾಸ್‌ವರ್ಡ್ ಆ ಕಾಗದದಲ್ಲಿ ಇಲ್ಲ; ನನ್ನದು ಮನೆಯ ಪತ್ರಗಳ ಪೆಟ್ಟಿಗೆಯಲ್ಲಿ, ತಂಗಿಯದು ಅವಳ ಬಳಿ.

ವಿಡಿಯೊಗಳು ಇನ್ನೂ ಈ ವ್ಯವಸ್ಥೆಗೆ ಸೇರಿಲ್ಲ. ಯಕ್ಷಗಾನದ ಇಡೀ ರಾತ್ರಿಯ ಧ್ವನಿಮುದ್ರಣ ಮತ್ತು ವಿಡಿಯೊಗಳೇ ಹಲವು ನೂರು ಗಿಗಾಬೈಟ್ ಇದ್ದು, ಎರಡೂ ಬಗೆಯ ಪ್ರತಿ ಇಟ್ಟರೆ ನಾಲ್ಕು ಟೆರಾಬೈಟ್‌ನ ಡಿಸ್ಕ್ ತುಂಬುತ್ತದೆ. ಅವಕ್ಕೆ ಬಿಚ್ಚು ಪ್ರತಿ ಮತ್ತು ಹ್ಯಾಶ್ ಪಟ್ಟಿ ಎರಡೇ ಸಾಕೆಂಬ ಕಡೆಗೆ ಸದ್ಯಕ್ಕೆ ನನ್ನ ಒಲವಿದೆ. ವಿಡಿಯೊಗಳ ಹೆಸರು ಬದಲಾಗುವುದೂ, ಅವುಗಳೊಳಗೆ ಗುರುತು ಬರೆಯುವುದೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮುಂದಿನ ಅದಲುಬದಲಿನ ಮುನ್ನ ಅವುಗಳ ಪಟ್ಟಿ ಬರೆದು ಮುಗಿಸಬೇಕಾಗಿದೆ.